ಕ್ಯಾಲ್ಸಿಯಂ ಹೆಚ್ಚು, ವಿಟಮಿನ್ ಡಿ ಕಡಿಮೆ: ಆಯಿಗೆ ಪುಡಿ ಕೊಡಬೇಕೇ, ಬೇಡವೇ?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರದ ಹಳ್ಳಿ. ಆಯಿಗೆ, ಅಂದರೆ ಅಮ್ಮನಿಗೆ, 61 ವರ್ಷ. ಒಂದೂವರೆ ವರ್ಷದಿಂದ ಮೊಣಕಾಲ ಕೆಳಗಿನ ಎಲುಬಲ್ಲಿ, ಸೊಂಟದಲ್ಲಿ ನೋವು. ಮಣೆ ಮೇಲೆ ಕೂತರೆ ಕೈಯೂರದೆ ಏಳಲಿಕ್ಕಾಗುವುದಿಲ್ಲ. ಸುಸ್ತು, ಮಲಬದ್ಧತೆ ಬೇರೆ. ನಾಲ್ಕು ವರ್ಷದ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಈಗ ರಕ್ತ ಪರೀಕ್ಷೆ ಮಾಡಿಸಿದರೆ ವಿಟಮಿನ್ ಡಿ 9.4, ಕ್ಯಾಲ್ಸಿಯಂ 10.8 (ಲ್ಯಾಬಿನ ಮಿತಿ 8.6ರಿಂದ 10.2), ಆಲ್ಬುಮಿನ್ 3.6, ರಂಜಕ 2.3, ಕ್ರಿಯಾಟಿನಿನ್ 0.8, ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) 168 (ಮಿತಿ 15ರಿಂದ 65) ಬಂದಿದೆ. ಒಬ್ಬ ಡಾಕ್ಟರು ವಾರಕ್ಕೊಂದು 60,000 ಯೂನಿಟ್ಟಿನ ವಿಟಮಿನ್ ಡಿ ಪುಡಿ, ದಿನಕ್ಕೆರಡು ಕ್ಯಾಲ್ಸಿಯಂ ಮಾತ್ರೆ ಬರೆದರು. ಎರಡು ಪುಡಿ ಆಗಿದೆ. ಇನ್ನೊಬ್ಬರು ರಿಪೋರ್ಟು ನೋಡಿ, ಕ್ಯಾಲ್ಸಿಯಂ ಜಾಸ್ತಿ ಇದೆ, ವಿಟಮಿನ್ ಡಿ ಮುಟ್ಟಲೇಬೇಡಿ ಎಂದರು. ಮೆಡಿಕಲ್ ಶಾಪಿನಲ್ಲಿರುವ ಭಾವ ಹೇಳುವುದು, ಡಿ ಕಮ್ಮಿ ಆದ್ದಕ್ಕೇ ಪಿಟಿಎಚ್ ಏರಿದೆ, ಡಿ ತುಂಬಿಸಿದರೆ ಅದೇ ಇಳಿಯುತ್ತದೆ ಎಂದು. ಆಯಿ ಬಿಪಿಗೆ ಟೆಲ್ಮಿಸಾರ್ಟನ್-ಎಚ್ ಮಾತ್ರೆ ತಗೊಳ್ಳುತ್ತಾಳೆ. ದಿನಕ್ಕೆ ಆರೇಳು ಕವಳ (ಎಲೆ-ಅಡಿಕೆ) ಹಾಕುವ ಅಭ್ಯಾಸವೂ ಇದೆ. ಯಾರ ಮಾತು ಕೇಳುವುದು?

ಉತ್ತರ: ಮೂವರ ಮಾತಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ಈ ರಿಪೋರ್ಟಿನಲ್ಲಿ ಮೊದಲು ಓದಬೇಕಾದ್ದು ವಿಟಮಿನ್ ಡಿ ಸಾಲನ್ನಲ್ಲ. ಕ್ಯಾಲ್ಸಿಯಂ ಮತ್ತು ಪಿಟಿಎಚ್, ಇವೆರಡನ್ನು ಒಟ್ಟಿಗೇ ಓದಬೇಕು.

ಕುತ್ತಿಗೆಯಲ್ಲಿ ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡು ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು, ತೂಕ 30ರಿಂದ 50 ಮಿಲಿಗ್ರಾಂ. ಹೆಸರಿನಲ್ಲಿ ಥೈರಾಯ್ಡ್ ಇದೆ ಎಂಬುದನ್ನು ಬಿಟ್ಟರೆ ಕೆಲಸದಲ್ಲಿ ಎರಡಕ್ಕೂ ಸಂಬಂಧವಿಲ್ಲ. ಆದ್ದರಿಂದ ಥೈರಾಯ್ಡ್ ಟೆಸ್ಟ್ ನಾರ್ಮಲ್ ಬಂದಿದೆ ಎಂದು ಇಲ್ಲಿ ಸಮಾಧಾನಪಡುವಂತಿಲ್ಲ. (ಇಷ್ಟು ಸಣ್ಣ ಗ್ರಂಥಿ ಮೊದಲು ಕಣ್ಣಿಗೆ ಬಿದ್ದದ್ದು ಲಂಡನ್ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗದಲ್ಲಿ. ಅದನ್ನು ಸೀಳಿ ನೋಡಿದವರು ರಿಚರ್ಡ್ ಓವೆನ್. ಮನುಷ್ಯರಲ್ಲಿ ಗುರುತಿಸಿದ್ದು 1880ರಲ್ಲಿ, ಸ್ವೀಡನ್ನಿನ ಐವರ್ ಸ್ಯಾಂಡ್‌ಸ್ಟ್ರೋಮ್.) ಈ ಗ್ರಂಥಿಗಳಿಗೆ ಇರುವುದು ಒಂದೇ ಕೆಲಸ: ರಕ್ತದ ಕ್ಯಾಲ್ಸಿಯಂ ಮೇಲೆ ಕಣ್ಣಿಟ್ಟು ಅದಕ್ಕೆ ತಕ್ಕಂತೆ ಪಿಟಿಎಚ್ ಹಾರ್ಮೋನನ್ನು ಸುರಿಸುವುದು. ಕ್ಯಾಲ್ಸಿಯಂ ಇಳಿದರೆ ಪಿಟಿಎಚ್ ಏರುತ್ತದೆ. ಏರಿದ ಪಿಟಿಎಚ್ ಎಲುಬಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಹೋಗುವುದನ್ನು ತಡೆಯುತ್ತದೆ, ರಂಜಕವನ್ನು ಹೊರಹಾಕುತ್ತದೆ. ಕಿಡ್ನಿಯಲ್ಲಿ ವಿಟಮಿನ್ ಡಿಯನ್ನು ಅದರ ಚುರುಕು ರೂಪಕ್ಕೆ ಬದಲಾಯಿಸಿ, ಕರುಳು ಹೆಚ್ಚು ಕ್ಯಾಲ್ಸಿಯಂ ಹೀರುವ ಹಾಗೆಯೂ ಮಾಡುತ್ತದೆ. ಕ್ಯಾಲ್ಸಿಯಂ ಸರಿಹೋದ ಕೂಡಲೇ ಪಿಟಿಎಚ್ ಇಳಿಯಬೇಕು.

ಮನೆಯ ನೀರಿನ ಟ್ಯಾಂಕಿನಲ್ಲಿ ಫ್ಲೋಟ್ ಇರುವುದಿಲ್ಲವೇ, ಹಾಗೆಯೇ ಇದು. ಟ್ಯಾಂಕು ಖಾಲಿಯಿದ್ದು ಪಂಪು ಓಡುತ್ತಿದ್ದರೆ ಪಂಪಿನದ್ದೇನೂ ತಪ್ಪಿಲ್ಲ, ಬಾವಿಯಲ್ಲಿ ನೀರು ಸಾಲುತ್ತಿಲ್ಲ ಅಷ್ಟೆ. ಟ್ಯಾಂಕು ತುಂಬಿ ಹೊರಚೆಲ್ಲುತ್ತಿದ್ದರೂ ಪಂಪು ನಿಲ್ಲದಿದ್ದರೆ ಕೆಟ್ಟಿರುವುದು ಫ್ಲೋಟು.

ನಿಮ್ಮ ಭಾವ ಹೇಳುವುದು ಮೊದಲನೆಯ ಪರಿಸ್ಥಿತಿಯ ಮಾತು. ವಿಟಮಿನ್ ಡಿ ಇಲ್ಲದಾಗ ಊಟದ ಕ್ಯಾಲ್ಸಿಯಂನಲ್ಲಿ ಕರುಳು ಹೀರುವುದು ನೂರಕ್ಕೆ 10-15 ಪಾಲು ಮಾತ್ರ. ಸಾಕಷ್ಟಿದ್ದಾಗ 30-40 ಪಾಲು. ಕಡಿಮೆ ಹೀರಿದಾಗ ಕ್ಯಾಲ್ಸಿಯಂ ಕೆಳಗಿಳಿಯಲು ನೋಡುತ್ತದೆ, ಪಿಟಿಎಚ್ ಅದನ್ನು ಎತ್ತಿ ಹಿಡಿಯುತ್ತದೆ. ಆಗ ಕ್ಯಾಲ್ಸಿಯಂ 8.4 ಇರಬಹುದು, 8.8 ಇರಬಹುದು, 9.2 ಕೂಡ ಇರಬಹುದು. ಮಿತಿ ದಾಟಿ ಮೇಲೆ ಹೋಗುವುದಿಲ್ಲ. ಇದೇ ಸೆಕೆಂಡರಿ ಹೈಪರ್‌ಪ್ಯಾರಾಥೈರಾಯ್ಡಿಸಂ. ನಿಮ್ಮ ತಾಯಿಯ ಕ್ಯಾಲ್ಸಿಯಂ 8.8 ಆಗಿದ್ದರೆ ಭಾವನವರ ಮಾತಿಗೆ ನನ್ನದೂ ಒಪ್ಪಿಗೆ ಇರುತ್ತಿತ್ತು. ಎಂಟು ವಾರ ಪುಡಿ ಕೊಟ್ಟು, ಮೂರರಿಂದ ಆರು ತಿಂಗಳಲ್ಲಿ ಪಿಟಿಎಚ್ ಇಳಿಯಿತೇ ಎಂದು ನೋಡಿದರೆ ಸಾಕಿತ್ತು.

ಆದರೆ ಬಂದಿರುವುದು 10.8. ಅದೂ ಪೂರ್ತಿ ಲೆಕ್ಕವಲ್ಲ. ರಕ್ತದ ಕ್ಯಾಲ್ಸಿಯಂನಲ್ಲಿ ಅರ್ಧದ ಹತ್ತಿರ ಹತ್ತಿರ ಆಲ್ಬುಮಿನ್ನಿಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಸುಳ್ಳಾಗಿ ಕಡಿಮೆ ಕಾಣಿಸುತ್ತದೆ. 4ರಿಂದ ಆಲ್ಬುಮಿನ್ ಕಳೆದು, ಉಳಿದದ್ದನ್ನು 0.8ರಿಂದ ಗುಣಿಸಿ, ಕ್ಯಾಲ್ಸಿಯಂಗೆ ಕೂಡಿಸಬೇಕು. ಇಲ್ಲಿ 4 ಕಳೆ 3.6 ಅಂದರೆ 0.4, ಗುಣಿಸಿದರೆ 0.32, ಒಟ್ಟು 11.1. ಕ್ಯಾಲ್ಸಿಯಂ 11.1 ಇರುವಾಗ ಆರೋಗ್ಯವಾದ ಗ್ರಂಥಿಯ ಪಿಟಿಎಚ್ 15ರ ಕೆಳಗೆ, ಹೆಚ್ಚೆಂದರೆ 20ರ ಆಸುಪಾಸು ಇರಬೇಕಿತ್ತು. ನಿಮ್ಮಲ್ಲಿ 168 ಇದೆ. ವಿಟಮಿನ್ ಡಿ ಕೊರತೆ ಎಷ್ಟೇ ಇರಲಿ, ಅದು ಕ್ಯಾಲ್ಸಿಯಂ ಅನ್ನು ಮಿತಿ ಮೀರಿ ಏರಿಸಲಾರದು. ಹೀಗಾಗಿ ಇದು ಬಹುಮಟ್ಟಿಗೆ ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ, ಅಂದರೆ ಫ್ಲೋಟು ಕೆಟ್ಟ ಹಾಗೆ ಗ್ರಂಥಿಯೇ ಕೆಟ್ಟಿರುವುದು, ಜೊತೆಗೆ ವಿಟಮಿನ್ ಡಿ ಕೊರತೆ. ನಮ್ಮ ದೇಶದಲ್ಲಿ ಇವೆರಡೂ ಒಟ್ಟಿಗೆ ಸಿಗುವುದೇ ಹೆಚ್ಚು. ಹತ್ತರಲ್ಲಿ ಎಂಟು ಜನಕ್ಕೆ ಕಾರಣ, ನಾಲ್ಕರಲ್ಲಿ ಒಂದು ಗ್ರಂಥಿಯಲ್ಲಿ ಬೆಳೆದ ಕ್ಯಾನ್ಸರ್ ಅಲ್ಲದ ಗಂಟು, ಅಂದರೆ ಅಡಿನೋಮ. ನಾಲ್ಕು ವರ್ಷದ ಹಿಂದಿನ ಕಲ್ಲು, ಈಗಿನ ಮಲಬದ್ಧತೆ, ಸುಸ್ತು, ಕೆಳಗಿಳಿದ ರಂಜಕ, ಎಲ್ಲವೂ ಇದಕ್ಕೆ ಹೊಂದುತ್ತವೆ. ಮಣೆಯಿಂದ ಏಳಲಾಗದ್ದು ಮಾತ್ರ ಹೆಚ್ಚಾಗಿ ವಿಟಮಿನ್ ಡಿ ಕೊರತೆಯ ಗುರುತು. ತೊಡೆ ಮತ್ತು ಸೊಂಟದ ಸ್ನಾಯುಗಳು ಸೋಲುವುದು ಅದರ ಲಕ್ಷಣ. ಮೊಣಕಾಲ ಕೆಳಗೆ ಮುಂಗಾಲಿನ ಎಲುಬನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅಲ್ಲಿ ಚುರುಕ್ಕೆಂದು ನೋವಾದರೆ ಅದೂ ಡಿ ಕೊರತೆಯ ಕಡೆಗೇ ಬೆರಳು ತೋರಿಸುತ್ತದೆ, ಮೊಣಕಾಲ ಸವೆತದ ಕಡೆಗಲ್ಲ.

ಕ್ಯಾಲ್ಸಿಯಂ ಮೇಲಿದ್ದಾಗ ವಿಟಮಿನ್ ಡಿ ಯಾಕೆ ತಳ ಕಂಡಿತು ಎಂಬ ಪ್ರಶ್ನೆ ಬರುತ್ತದೆ. ಬಿಸಿಲು ಸಾಲದೆ ಇರುವುದು ಒಂದು ಕಾರಣ, ಅದಕ್ಕೆ ಆಮೇಲೆ ಬರುತ್ತೇನೆ. ಇನ್ನೊಂದು ಕಾರಣ ರೋಗದೊಳಗೇ ಇದೆ. ಅತಿಯಾದ ಪಿಟಿಎಚ್ ಶೇಖರಣೆಯಲ್ಲಿರುವ ಡಿಯನ್ನು ಬೇಗ ಬೇಗ ಚುರುಕು ರೂಪಕ್ಕೆ ಬದಲಾಯಿಸಿ ಖರ್ಚು ಮಾಡುತ್ತದೆ. ನಾವು ಅಳೆಯುವುದು ಶೇಖರಣೆಯ ರೂಪವನ್ನು, ಅಂದರೆ 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನು. ಅದು ಕಡಿಮೆ ಬರುತ್ತದೆ. ಹಾಗೆಂದು ಕೆಲವರು ಚುರುಕು ರೂಪವನ್ನು ಅಳೆಯುವ 1,25-ಡೈಹೈಡ್ರಾಕ್ಸಿ ಪರೀಕ್ಷೆ ಬರೆಸುವುದುಂಟು. ಅದಕ್ಕೆ ದುಡ್ಡು ಹಾಕಬೇಡಿ, ಈ ಸಂದರ್ಭದಲ್ಲಿ ಅದರಿಂದ ತೀರ್ಮಾನವೇನೂ ಬದಲಾಗುವುದಿಲ್ಲ.

ಈಗ ಎರಡನೆಯ ಡಾಕ್ಟರ ಮಾತು, ‘ಮುಟ್ಟಲೇಬೇಡಿ’. ಈ ಭಯ ಹಳೆಯದು, ಅರ್ಥವಾಗುವಂಥದ್ದು. ಆದರೆ ಇವತ್ತಿನ ಸಲಹೆ ಬೇರೆ. ಡಿ ತಳ ಕಂಡಿದ್ದರೆ ಪಿಟಿಎಚ್ ಇನ್ನೂ ಏರುತ್ತದೆ, ಎಲುಬು ಇನ್ನೂ ಸವೆಯುತ್ತದೆ, ಮುಂದೆ ಆಪರೇಷನ್ ಆದರೆ ಕ್ಯಾಲ್ಸಿಯಂ ಧಡಕ್ಕನೆ ಕುಸಿಯುವ ಅಪಾಯವೂ ಹೆಚ್ಚುತ್ತದೆ. 2022ರ ಅಂತರರಾಷ್ಟ್ರೀಯ ತಜ್ಞರ ಮಾರ್ಗಸೂಚಿ ಇಂಥವರಲ್ಲೂ ಡಿ ಮಟ್ಟವನ್ನು 30 ನ್ಯಾನೊಗ್ರಾಂಗಿಂತ ಮೇಲೆ ತರಬೇಕೆನ್ನುತ್ತದೆ. 2014ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನದಲ್ಲಿ ಇದೇ ರೋಗದ 46 ಜನರಲ್ಲಿ ಒಂದು ಪಾಲಿಗೆ ದಿನಕ್ಕೆ 2,800 ಯೂನಿಟ್ ಡಿ ಕೊಟ್ಟರು. ಆಪರೇಷನ್ನಿಗೆ ಮೊದಲೇ ಪಿಟಿಎಚ್ ನೂರಕ್ಕೆ 17 ಪಾಲು ಇಳಿಯಿತು, ಕ್ಯಾಲ್ಸಿಯಂ ಏರಲಿಲ್ಲ.

ಹಾಗಾಗಿ ಡಿ ಕೊಡಬೇಕು, ಆದರೆ ದಿನಾ ಸ್ವಲ್ಪ ಸ್ವಲ್ಪವಾಗಿ. ವಾರಕ್ಕೊಂದು 60,000 ಎಂದರೆ ದಿನಕ್ಕೆ 8,500 ಯೂನಿಟ್ ಬಿತ್ತು. ಬರೀ ಕೊರತೆ ಇರುವವರಿಗೆ ಎಂಟು ವಾರದ ಮಟ್ಟಿಗೆ ಅದು ಸರಿಯಾದ ಪ್ರಮಾಣವೇ. ಕ್ಯಾಲ್ಸಿಯಂ ಆಗಲೇ 11 ದಾಟಿದವರಿಗೆ ಅದು ಕಣ್ಣು ಮುಚ್ಚಿ ಕೊಡುವ ಪ್ರಮಾಣವಲ್ಲ. ನಿಮ್ಮ ಡಾಕ್ಟರ ಹತ್ತಿರ ಹೀಗೆ ಕೇಳಿ: ಪುಡಿ ನಿಲ್ಲಿಸಿ, ದಿನಕ್ಕೆ 1,000ದಿಂದ 2,000 ಯೂನಿಟ್ ಕೊಲೆಕ್ಯಾಲ್ಸಿಫೆರಾಲ್ (ವಿಟಮಿನ್ ಡಿ3) ಮಾತ್ರೆ, ಊಟದ ಜೊತೆ. ಎರಡರಿಂದ ನಾಲ್ಕು ವಾರಕ್ಕೆ ಕ್ಯಾಲ್ಸಿಯಂ ಮತ್ತು ಕ್ರಿಯಾಟಿನಿನ್, ಮೂರು ತಿಂಗಳಿಗೆ ಡಿ ಮತ್ತು ಪಿಟಿಎಚ್. ಕ್ಯಾಲ್ಸಿಯಂ 12ರ ಹತ್ತಿರ ಹೋದರೆ ಡಿ ನಿಲ್ಲಿಸಿ ಮೊದಲು ಅದನ್ನು ನೋಡಿಕೊಳ್ಳಬೇಕು. ಆಗಿಹೋದ ಎರಡು ಪುಡಿಯ ಬಗ್ಗೆ ಗಾಬರಿ ಬೇಡ. 9.4ರಲ್ಲಿದ್ದವರಿಗೆ ಅದರಿಂದ ವಿಷವಾಗುವುದಿಲ್ಲ. ಆದರೂ ಈ ವಾರವೇ ಒಂದು ಕ್ಯಾಲ್ಸಿಯಂ ಮಾಡಿಸಿ.

ಕ್ಯಾಲ್ಸಿಯಂ ಮಾತ್ರೆಯನ್ನು ಸದ್ಯ ನಿಲ್ಲಿಸುವ ಬಗ್ಗೆಯೂ ಕೇಳಿ. ಅದಕ್ಕೂ ಮುಖ್ಯವಾಗಿ, ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರ ಓದಿ. ನಮ್ಮಲ್ಲಿ ಸಿಗುವ ಎಷ್ಟೋ ಕ್ಯಾಲ್ಸಿಯಂ ಮಾತ್ರೆ, ಕ್ಯಾಪ್ಸೂಲುಗಳಲ್ಲಿ ಕ್ಯಾಲ್ಸಿಟ್ರಯೋಲ್ 0.25 ಮೈಕ್ರೋಗ್ರಾಂ ಬೆರೆತಿರುತ್ತದೆ. ಕೆಲವದರಲ್ಲಿ ಆಲ್ಫಾಕ್ಯಾಲ್ಸಿಡಾಲ್ ಇರುತ್ತದೆ. ಕ್ಯಾಲ್ಸಿಟ್ರಯೋಲ್ ಎಂದರೆ ಕಿಡ್ನಿ ತಯಾರಿಸುವ ಚುರುಕು ರೂಪವೇ. ಆಲ್ಫಾಕ್ಯಾಲ್ಸಿಡಾಲ್ ಯಕೃತ್ತಿನಲ್ಲಿ ನೇರವಾಗಿ ಅದೇ ಆಗಿಬಿಡುತ್ತದೆ. ದೇಹದ ಹಿಡಿತ ಎರಡಕ್ಕೂ ಇಲ್ಲ. ನೇರವಾಗಿ ಕರುಳಿಗೆ ಹೋಗಿ ಕ್ಯಾಲ್ಸಿಯಂ ಎಳೆದು ತರುತ್ತವೆ, ಖಾಲಿಯಾದ ಡಿ ಶೇಖರಣೆಯನ್ನೂ ತುಂಬುವುದಿಲ್ಲ. ಕಿಡ್ನಿ ಕೆಟ್ಟವರಿಗೆ, ಆಪರೇಷನ್ನಿನ ನಂತರ ಕ್ಯಾಲ್ಸಿಯಂ ಕುಸಿದವರಿಗೆ ಅದು ಬೇಕಾದ ಔಷಧ. ನಿಮ್ಮ ತಾಯಿಗೆ ಈಗ ಬೇಡವೇ ಬೇಡ. ಭಾವ ಮೆಡಿಕಲ್ ಶಾಪಿನಲ್ಲೇ ಇದ್ದಾರಲ್ಲ, ಈ ಒಂದು ಕೆಲಸ ಅವರಿಗೆ ವಹಿಸಿ.

ಬಿಪಿ ಮಾತ್ರೆಯ ವಿಷಯ. ಹೆಸರಿನ ಕೊನೆಯ ‘ಎಚ್’ ಎಂದರೆ ಹೈಡ್ರೋಕ್ಲೋರೋಥಯಾಜೈಡ್. ಅದು ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ತಡೆಯುತ್ತದೆ, ಹಾಗಾಗಿ ರಕ್ತದಲ್ಲಿ ಸ್ವಲ್ಪ ಏರಿಸುತ್ತದೆ. ಕ್ಲೋರ್‌ಥ್ಯಾಲಿಡೋನ್, ಇಂಡಪಮೈಡ್ ಬೆರೆತ ಮಾತ್ರೆಗಳೂ ಇದೇ ಸಾಲಿನವು. ಇದೊಂದರಿಂದಲೇ ಪಿಟಿಎಚ್ 168 ಆಗುವುದಿಲ್ಲ. ಆದರೂ ರೋಗ ಪಕ್ಕಾ ಮಾಡಿಕೊಳ್ಳುವ ಮೊದಲು ಬಿಪಿಗೆ ಬೇರೆ ಮಾತ್ರೆ ಹಾಕಿಸಿಕೊಂಡು, ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ಕೊಡುವುದು ಒಳ್ಳೆಯದು. ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ, ಬಿಪಿ ಏರಿ ಇನ್ನೊಂದು ತಾಪತ್ರಯವಾದೀತು. ಮಾನಸಿಕ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರಿಗೂ ಕ್ಯಾಲ್ಸಿಯಂ ಮತ್ತು ಪಿಟಿಎಚ್ ಹೀಗೇ ಏರುತ್ತವೆ.

ಕವಳದ ಬಗ್ಗೆ ನೀವು ಬರೆದದ್ದು ಒಳ್ಳೆಯದಾಯಿತು, ಡಾಕ್ಟರು ಸಾಮಾನ್ಯವಾಗಿ ಕೇಳುವುದಿಲ್ಲ. ಎಲೆಗೆ ಬಳಿಯುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾಲ್ಸಿಯಮ್ಮೇ, ಅದರ ಜೊತೆಗೆ ಕ್ಷಾರ. ದಿನವಿಡೀ ಕವಳ ಹಾಕಿ ರಸ ನುಂಗುವವರು ಮೇಲಿಂದ ಕ್ಯಾಲ್ಸಿಯಂ ಮಾತ್ರೆಯನ್ನೂ ವಿಟಮಿನ್ ಡಿಯನ್ನೂ ತೆಗೆದುಕೊಂಡರೆ ಕ್ಯಾಲ್ಸಿಯಂ ಏರಿ, ಕಿಡ್ನಿ ಸೋತು ಆಸ್ಪತ್ರೆ ಸೇರಿದ್ದು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿದೆ. ಮಿಲ್ಕ್-ಆಲ್ಕಲಿ ಸಿಂಡ್ರೋಮ್ ಎಂದು ಅದರ ಹೆಸರು. ಆದರೆ ಅಲ್ಲಿ ಪಿಟಿಎಚ್ ನೆಲ ಕಚ್ಚಿರುತ್ತದೆ, ಏಕೆಂದರೆ ಗ್ರಂಥಿ ಸರಿಯಾಗಿದೆ, ಕ್ಯಾಲ್ಸಿಯಂ ಹೊರಗಿನಿಂದ ಬರುತ್ತಿದೆ. ವಿಟಮಿನ್ ಡಿ ಅತಿಯಾದಾಗಲೂ ಹಾಗೆಯೇ. ‘ವಾರಕ್ಕೊಂದು’ ಎಂದದ್ದನ್ನು ‘ದಿನಕ್ಕೊಂದು’ ಎಂದು ತಿಳಿದು ಪುಡಿ ತಿಂದವರಲ್ಲಿ, ಆರು ಲಕ್ಷದ ಇಂಜೆಕ್ಷನ್ ಮೇಲಿಂದ ಮೇಲೆ ಹಾಕಿಸಿಕೊಂಡವರಲ್ಲಿ ಕ್ಯಾಲ್ಸಿಯಂ ಮೇಲೆ, ಪಿಟಿಎಚ್ ಕೆಳಗೆ. ನಿಮ್ಮ ತಾಯಿಯ ಪಿಟಿಎಚ್ ಮೇಲಿದೆ, ಆದ್ದರಿಂದ ಮುಖ್ಯ ಆರೋಪಿ ಸುಣ್ಣವಲ್ಲ. ಕವಳ ಬಿಡಿಸುವುದು ಬಾಯಿಯ ಆರೋಗ್ಯಕ್ಕೆ ಹೇಗೂ ಒಳ್ಳೆಯದೇ. ತಪಾಸಣೆ ಮುಗಿಯುವ ತನಕವಾದರೂ ದಿನಕ್ಕೆ ಒಂದೆರಡಕ್ಕೆ ಇಳಿಸಿ, ಸುಣ್ಣ ಕಮ್ಮಿ ಮಾಡಲಿ.

ಮರುಪರೀಕ್ಷೆ ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಹೆಚ್ಚು ಎಡವುವುದು ಇಲ್ಲೇ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ನೀರು ಕುಡಿದು ಹೋಗಿ. ಕ್ಯಾಲ್ಸಿಯಂ, ಆಲ್ಬುಮಿನ್, ರಂಜಕ, ಮೆಗ್ನೀಸಿಯಂ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್ ಎಲ್ಲವೂ ಒಂದೇ ಸಲ ತೆಗೆದ ರಕ್ತದಲ್ಲಿ ಆಗಬೇಕು. ಒಂದು ತಿಂಗಳ ಕ್ಯಾಲ್ಸಿಯಂಗೆ ಇನ್ನೊಂದು ತಿಂಗಳ ಪಿಟಿಎಚ್ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ರಟ್ಟೆಗೆ ಕಟ್ಟುವ ಪಟ್ಟಿಯನ್ನು ಬಹಳ ಹೊತ್ತು ಬಿಗಿದು, ಮುಷ್ಟಿ ಹಿಡಿ, ಬಿಡು ಎಂದು ನರ ಹುಡುಕುತ್ತಾ ಕೂತರೆ ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ. ಪಿಟಿಎಚ್‌ಗೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಒಳ್ಳೆಯದು, ಅದರಲ್ಲಿ ಹಾರ್ಮೋನು ಹೆಚ್ಚು ಹೊತ್ತು ಕೆಡದೆ ಉಳಿಯುತ್ತದೆ. ಕ್ಯಾಲ್ಸಿಯಂಗೆ ಅದೇ ಟ್ಯೂಬು ಆಗದು, ಇಡಿಟಿಎ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುತ್ತದೆ. ನೇರಳೆ ಟ್ಯೂಬಿನ ಹನಿ ಇನ್ನೊಂದಕ್ಕೆ ಬಿದ್ದರೂ ಕ್ಯಾಲ್ಸಿಯಂ ಇಳಿದು, ಪೊಟ್ಯಾಸಿಯಂ ಏರಿದ ವಿಚಿತ್ರ ರಿಪೋರ್ಟು ಬರುತ್ತದೆ. ಶಿರಸಿಯಲ್ಲಿ ತೆಗೆದ ರಕ್ತ ಪಿಟಿಎಚ್‌ಗಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದಾದರೆ, ಬೇರ್ಪಡಿಸಿ ತಂಪಿನಲ್ಲಿ ಕಳಿಸುತ್ತೀರಾ ಎಂದು ಕೇಳಿ. ದಾರಿಯಲ್ಲಿ ಕೆಟ್ಟರೆ ಪಿಟಿಎಚ್ ಕಡಿಮೆ ಬರುತ್ತದೆ. ಹೆಚ್ಚು ಬರುವುದಿಲ್ಲ. ಹಾಗಾಗಿ ನಿಮ್ಮ 168 ಸಾಗಾಟದ ತಪ್ಪಿನಿಂದ ಬಂದದ್ದಲ್ಲ.

ಕೂದಲು ಉದುರುವುದಕ್ಕೆಂದು ಬಯೋಟಿನ್ ಮಾತ್ರೆ ತಿನ್ನುತ್ತಿದ್ದರೆ ಮೂರು ದಿನ ಮೊದಲೇ ನಿಲ್ಲಿಸಬೇಕು. ಕೆಲವು ಯಂತ್ರಗಳಲ್ಲಿ ಅದು ಪಿಟಿಎಚ್ ಅನ್ನು ಕಡಿಮೆಯಾಗಿಯೂ ವಿಟಮಿನ್ ಡಿಯನ್ನು ಹೆಚ್ಚಾಗಿಯೂ ತೋರಿಸುತ್ತದೆ.

ಲ್ಯಾಬಿಗೆ ಹೋಗುವ ಮುನ್ನ ಮನೆಯ ಕಪಾಟು ಹುಡುಕಿ. ಕಲ್ಲಿಗೆ ಚಿಕಿತ್ಸೆಯಾದಾಗಿನ ಫೈಲಿನಲ್ಲಿ ಕ್ಯಾಲ್ಸಿಯಂ ಮಾಡಿಸಿದ್ದರೆ ಅದು ಬಂಗಾರ. ಆಗಲೂ 10.6, 10.7 ಇದ್ದರೆ ರೋಗ ಆಗಲೇ ಶುರುವಾಗಿತ್ತು ಎಂದಾಯಿತು. ಮನೆತನದಲ್ಲಿ, ಅಂದರೆ ದೊಡ್ಡಮ್ಮ, ಮಾವ, ಅಕ್ಕ-ತಂಗಿಯರಲ್ಲಿ ಯಾರಿಗಾದರೂ ಕ್ಯಾಲ್ಸಿಯಂ ಹೆಚ್ಚಿತ್ತೇ, ಕುತ್ತಿಗೆ ಆಪರೇಷನ್ ಆಗಿತ್ತೇ ಎಂದೂ ವಿಚಾರಿಸಿ. ಹುಟ್ಟಿನಿಂದಲೇ ಕ್ಯಾಲ್ಸಿಯಂ ಸ್ವಲ್ಪ ಮೇಲಿರುವ, ಯಾವ ಆಪರೇಷನ್ನೂ ಬೇಡದ ಒಂದು ಆನುವಂಶಿಕ ಸ್ಥಿತಿಯಿದೆ. ಅದನ್ನು ಬೇರ್ಪಡಿಸಲು 24 ಗಂಟೆಯ ಮೂತ್ರ ಪರೀಕ್ಷೆ ಬೇಕು. ಬೆಳಿಗ್ಗೆ ಎದ್ದ ಮೇಲಿನ ಮೊದಲ ಮೂತ್ರ ಚೆಲ್ಲಿ ಗಂಟೆ ಬರೆದುಕೊಳ್ಳಬೇಕು. ಅಲ್ಲಿಂದ ಮರುದಿನ ಅದೇ ಗಂಟೆಯ ತನಕ, ಎದ್ದ ಮೇಲಿನ ಮೊದಲ ಮೂತ್ರವೂ ಸೇರಿ, ಪೂರ್ತಿ ಲ್ಯಾಬಿನ ಕ್ಯಾನಿನಲ್ಲಿ ಸೇರಬೇಕು. ಕ್ಯಾನಿನ ತಳದಲ್ಲಿ ಆಮ್ಲ ಹಾಕಿ ಕೊಟ್ಟಿದ್ದರೆ ನೇರ ಅದರಲ್ಲಿ ಹೋಗಬಾರದು, ಚೊಂಬಿನಲ್ಲಿ ಹಿಡಿದು ಸುರಿಯಬೇಕು. ತೋಟಕ್ಕೆ ಹೋದಾಗ ಒಂದು ಸಲ ತಪ್ಪಿದರೂ ಲೆಕ್ಕ ಕೆಟ್ಟಿತು, ಮನೆಯಲ್ಲೇ ಇರುವ ದಿನ ನೋಡಿ ಮಾಡಿ. ಕ್ಯಾಲ್ಸಿಯಂ ಜೊತೆ ಕ್ರಿಯಾಟಿನಿನ್ ಕೂಡ ಅಳೆದು, ರಕ್ತದ ಅಂಕಿಗಳೊಂದಿಗೆ ಅನುಪಾತ ತೆಗೆಯುತ್ತಾರೆ. 0.01ಕ್ಕಿಂತ ಕಡಿಮೆ ಬಂದರೆ ಆನುವಂಶಿಕ ಸ್ಥಿತಿಯ ಅನುಮಾನ, 0.02ರ ಮೇಲಿದ್ದರೆ ಗ್ರಂಥಿಯ ಗಂಟು. ಡಿ ಕೊರತೆಯಲ್ಲೂ, ‘ಎಚ್’ ಮಾತ್ರೆಯಲ್ಲೂ ಮೂತ್ರದ ಕ್ಯಾಲ್ಸಿಯಂ ಇಳಿಯುವುದರಿಂದ ಎರಡನ್ನೂ ಸರಿಮಾಡಿಕೊಂಡ ಮೇಲೆ ಇದನ್ನು ಮಾಡಿಸುವುದು ಜಾಣತನ.

ಎಲುಬಿನ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಬೇಕು. ಹೆಚ್ಚಿನ ಕಡೆ ಬೆನ್ನುಮೂಳೆ ಮತ್ತು ಸೊಂಟ ನೋಡಿ ಕಳಿಸುತ್ತಾರೆ. ಪಿಟಿಎಚ್ ಮೊದಲು ತಿನ್ನುವುದು ಗಟ್ಟಿ ಎಲುಬನ್ನು, ಅದು ಚೆನ್ನಾಗಿ ಕಾಣುವುದು ಮುಂಗೈಯಲ್ಲಿ. ಆದ್ದರಿಂದ ‘ಮುಂಗೈಯೂ ಬೇಕು’ ಎಂದು ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ. ಶಿಬಿರಗಳಲ್ಲಿ ಹಿಮ್ಮಡಿಗೆ ಯಂತ್ರ ಹಚ್ಚಿ ಕೊಡುವ ಚೀಟಿ ಈ ಕೆಲಸಕ್ಕೆ ಬರುವುದಿಲ್ಲ. ಹೊಟ್ಟೆಯ ಅಲ್ಟ್ರಾಸೌಂಡಿನಲ್ಲಿ ಕಲ್ಲು ಉಳಿದಿದೆಯೇ ಎಂದೂ ನೋಡಿಸಿ. ಒಂದು ಎಚ್ಚರಿಕೆ: ಸ್ಕ್ಯಾನಿನಲ್ಲಿ ಎಲುಬು ತೆಳು ಎಂದು ಬಂದ ಕೂಡಲೇ ವರ್ಷಕ್ಕೊಮ್ಮೆಯ ಜೊಲೆಡ್ರೋನಿಕ್ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ. ಡಿ 9ರಲ್ಲಿರುವಾಗ ಅದನ್ನು ಕೊಟ್ಟರೆ ಕ್ಯಾಲ್ಸಿಯಂ ಅಪಾಯಕಾರಿಯಾಗಿ ಬೀಳಬಹುದು.

ಆಪರೇಷನ್ ಬೇಕೇ? ರೋಗ ಪಕ್ಕಾ ಆದರೆ, ನನ್ನ ಉತ್ತರ ಹೌದು. ಕ್ಯಾಲ್ಸಿಯಂ ಲ್ಯಾಬಿನ ಮಿತಿಗಿಂತ 1 ಮಿಲಿಗ್ರಾಂ ಮೇಲಿರುವುದು, ವಯಸ್ಸು 50ಕ್ಕಿಂತ ಕಡಿಮೆ ಇರುವುದು, ಡೆಕ್ಸಾದಲ್ಲಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿನ ಅಂಕಿ, ಬೆನ್ನೆಲುಬು ಕುಸಿದಿರುವುದು, ಕಿಡ್ನಿಯ ಸೋಸುವ ಪ್ರಮಾಣ 60ಕ್ಕಿಂತ ಇಳಿದಿರುವುದು, ಹೆಂಗಸರಲ್ಲಿ ದಿನದ ಮೂತ್ರದ ಕ್ಯಾಲ್ಸಿಯಂ 250 ಮಿಲಿಗ್ರಾಂ ದಾಟಿರುವುದು, ಕಿಡ್ನಿ ಕಲ್ಲು: ಇವುಗಳಲ್ಲಿ ಯಾವುದೊಂದಿದ್ದರೂ ಆಪರೇಷನ್ ಸೂಚಿಸುತ್ತಾರೆ. ನಿಮ್ಮ ತಾಯಿಗೆ ಕಲ್ಲು ಆಗಿಹೋಗಿದೆ. ಸಿನಾಕ್ಯಾಲ್ಸೆಟ್ ಎಂಬ ಮಾತ್ರೆ ಕ್ಯಾಲ್ಸಿಯಂ ಇಳಿಸುತ್ತದೆ, ಎಲುಬನ್ನು ಗಟ್ಟಿ ಮಾಡುವುದಿಲ್ಲ. ಆಪರೇಷನ್ ಆಗದವರಿಗೆ ಮಾತ್ರ ಅದು.

ಗಂಟು ಯಾವ ಬದಿಗಿದೆ ಎಂದು ತಿಳಿಯಲು ಕುತ್ತಿಗೆಯ ಅಲ್ಟ್ರಾಸೌಂಡ್, ಸೆಸ್ಟಾಮಿಬಿ ಸ್ಕ್ಯಾನ್, ಬೇಕಾದರೆ 4ಡಿ ಸಿಟಿ ಮಾಡುತ್ತಾರೆ. ಇವು ದಾರಿ ತೋರಿಸುವ ನಕ್ಷೆಗಳು, ರೋಗ ಇದೆಯೋ ಇಲ್ಲವೋ ಎಂದು ಹೇಳುವವಲ್ಲ. ‘ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ, ಹಾಗಾಗಿ ರೋಗವಿಲ್ಲ’ ಎಂದು ಮನೆಗೆ ಕಳಿಸಿದರೆ ಆ ಮಾತು ತಪ್ಪು, ಪಕ್ಕಾ ಮಾಡುವುದು ರಕ್ತದ ಅಂಕಿಗಳೇ. ಆಪರೇಷನ್ನಿಗೆ ನಮ್ಮ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರದ ಕಡೆಯವರಾದರೆ ಗೋವಾ, ಎಲ್ಲಿಗಾದರೂ ಹೋಗಬೇಕಾಗುತ್ತದೆ. ಎಲ್ಲಿಗೇ ಹೋದರೂ ಸರ್ಜನ್ನರನ್ನು ಮುಜುಗರಪಡದೆ ಕೇಳಿ: ವರ್ಷಕ್ಕೆ ಎಷ್ಟು ಪ್ಯಾರಾಥೈರಾಯ್ಡ್ ಆಪರೇಷನ್ ಮಾಡುತ್ತೀರಿ, ಆಪರೇಷನ್ ನಡೆಯುವಾಗಲೇ ಪಿಟಿಎಚ್ ನೋಡುವ ವ್ಯವಸ್ಥೆ ಇದೆಯೇ? ಪಿಟಿಎಚ್ ರಕ್ತದಲ್ಲಿ ಮೂರರಿಂದ ಐದು ನಿಮಿಷಕ್ಕೆ ಅರ್ಧವಾಗುತ್ತಾ ಹೋಗುತ್ತದೆ. ಕೆಟ್ಟ ಗ್ರಂಥಿ ತೆಗೆದ ಹತ್ತು ನಿಮಿಷಕ್ಕೆ ನೂರಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಸರಿಯಾದದ್ದನ್ನೇ ತೆಗೆದರೆಂದು ಅಲ್ಲೇ ಗೊತ್ತಾಗುತ್ತದೆ. ಪಳಗಿದ ಕೈಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ.

ಆಪರೇಷನ್ ಮುಗಿದು ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕ್ಯಾಲ್ಸಿಯಂ ತೀರಾ ಕೆಳಗಿಳಿಯುವುದುಂಟು. ವರ್ಷಗಟ್ಟಲೆ ಸುಲಿಗೆಯಾದ ಎಲುಬು, ಪಿಟಿಎಚ್ ನಿಂತ ಕೂಡಲೇ ರಕ್ತದ ಕ್ಯಾಲ್ಸಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು, ಕೈ ಸೆಟೆದುಕೊಳ್ಳುವುದು ಅದರ ಸುಳಿವು. ಡಿ ಕೊರತೆ ಇದ್ದವರಿಗೆ ಇದು ಹೆಚ್ಚು, ಈಗಿನಿಂದಲೇ ಡಿ ತುಂಬಿಸಿ ಎಂದದ್ದು ಅದಕ್ಕೇ. ಮೂರನೇ ದಿನಕ್ಕೇ ಡಿಸ್ಚಾರ್ಜ್ ಮಾಡಿಸಿಕೊಂಡು, ಮಳೆಗಾಲದಲ್ಲಿ ದೇವಿಮನೆ ಘಟ್ಟ ಹತ್ತಿ ಊರು ಸೇರುವ ಅವಸರ ಬೇಡ. ಒಂದು ವಾರ ಆಸ್ಪತ್ರೆಯ ಹತ್ತಿರ ನೆಂಟರ ಮನೆಯಲ್ಲಾದರೂ ಉಳಿಯಿರಿ.

ಅಲ್ಲಿಯ ತನಕ ಊಟದಲ್ಲಿ ಹಾಲು, ಮಜ್ಜಿಗೆ ಬಿಡಿಸಬೇಡಿ. ಕ್ಯಾಲ್ಸಿಯಂ ಹೆಚ್ಚಿದೆ, ಕಲ್ಲೂ ಆಗಿತ್ತು, ಹಾಲು ನಿಲ್ಲಿಸೋಣ ಎಂದು ಎಲ್ಲರೂ ಮಾಡುವ ತಪ್ಪು ಇದು. ಊಟದ ಕ್ಯಾಲ್ಸಿಯಂ ನಿಂತರೆ ಪಿಟಿಎಚ್ ಇನ್ನಷ್ಟು ಎಲುಬಿಗೆ ಕೈ ಹಾಕುತ್ತದೆ. ಈ ವಯಸ್ಸಿನ ಹೆಂಗಸರಿಗೆ ದಿನಕ್ಕೆ 1,000-1,200 ಮಿಲಿಗ್ರಾಂ ಬೇಕು, ಅದು ಮಾತ್ರೆಯಿಂದಲ್ಲ, ಊಟದಿಂದ ಬರಲಿ. ಅರ್ಧ ಲೀಟರ್ ಹಾಲು-ಮಜ್ಜಿಗೆಯಲ್ಲಿ 600ರ ಆಸುಪಾಸು, 100 ಗ್ರಾಂ ರಾಗಿಯಲ್ಲಿ 350ರಷ್ಟು ಸಿಗುತ್ತದೆ. ನೀರು ದಿನಕ್ಕೆ ಎರಡೂವರೆ ಲೀಟರ್. ಮಳೆಗಾಲದಲ್ಲಿ ಬಾಯಾರುವುದಿಲ್ಲವೆಂದು ಕುಡಿಯದೆ ಇರುವುದೇ ಕಲ್ಲಿಗೆ ದಾರಿ. ವಾಂತಿ-ಭೇದಿಯಾಗಿ ನೀರು ನಿಲ್ಲದಿದ್ದರೆ, ಅಥವಾ ಮಂಕಾಗಿ ಮಾತು ತೊದಲಿದರೆ, ಗಂಜಿ ಕುಡಿಸಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಕ್ಯಾಲ್ಸಿಯಂ ಹೆಚ್ಚಿರುವ ವಿಷಯ ಮೊದಲು ಹೇಳಿ.

ಬಿಸಿಲಿನ ಮಾತು ಬಾಕಿ ಇತ್ತು. ‘ದಿನಾ ಬೆಳಿಗ್ಗೆ ಏಳು ಗಂಟೆಯ ಎಳೆಬಿಸಿಲಿಗೆ ಕೂರುತ್ತೇನೆ, ಆದರೂ ಡಿ ಇಲ್ಲ’ ಎಂಬ ದೂರು ಸಾಮಾನ್ಯ. ಎಳೆಬಿಸಿಲಿನಲ್ಲಿ ಡಿ ತಯಾರಿಸುವ ಕಿರಣ ಇಲ್ಲವೆನ್ನುವಷ್ಟು ಕಡಿಮೆ. ಸೂರ್ಯ ಓರೆಯಾಗಿದ್ದಾಗ ಅದು ಗಾಳಿಯಲ್ಲೇ ಸೋಸಿಹೋಗುತ್ತದೆ. ಅಂಗಳದಲ್ಲಿ ನಿಂತು ನಿಮ್ಮ ನೆರಳು ನೋಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಆ ಬಿಸಿಲು ಕೆಲಸಕ್ಕೆ ಬರುತ್ತದೆ, ಉದ್ದವಿದ್ದರೆ ಮೈ ಬೆಚ್ಚಗಾದೀತು ಅಷ್ಟೆ. ಶಿರಸಿ, ಕಾರವಾರದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ. ಆದ್ದರಿಂದ ಹತ್ತೂವರೆಯಿಂದ ಎರಡೂವರೆಯ ನಡುವೆ, ತೋಳು ಮತ್ತು ಮೊಣಕಾಲ ಕೆಳಗೆ ಬಿಸಿಲು ಬೀಳುವಂತೆ 20-30 ನಿಮಿಷ. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ. ದಿನವಿಡೀ ತೋಟದಲ್ಲಿರುತ್ತಾಳೆ ಎಂದು ನೀವು ಹೇಳಬಹುದು. ಅಡಿಕೆ ತೋಟದೊಳಗೆ ನಡು ಮಧ್ಯಾಹ್ನವೂ ನೆರಳೇ, ಅಡಿಕೆ ಸುಲಿಯುವುದು ಚಪ್ಪರದಡಿ. ಜೂನಿನಿಂದ ಸೆಪ್ಟೆಂಬರ್ ತನಕ ಮೋಡ. ಕರಾವಳಿಯಲ್ಲಿ ಬಂಗಡೆ, ತಾರ್ಲೆ ತಿನ್ನುವವರಿಗೆ ಊಟದಿಂದ ಸ್ವಲ್ಪ ಡಿ ಸಿಗುತ್ತದೆ, ಘಟ್ಟದ ಮೇಲಿನ ಸಸ್ಯಾಹಾರಿಗಳಿಗೆ ಅದೂ ಇಲ್ಲ. ವಯಸ್ಸಾದಂತೆ ಚರ್ಮದ ತಯಾರಿಯೂ ಕುಗ್ಗುತ್ತದೆ. ಹಾಗಾಗಿ ಬಿಸಿಲನ್ನೇ ನಂಬಿ ಮಾತ್ರೆ ಬಿಡಬೇಡಿ. ಬಿಸಿಲಿನಿಂದ ಬಂದ ಡಿ ಅತಿಯಾಗುವುದಿಲ್ಲ, ಚರ್ಮವೇ ಹೆಚ್ಚಾದದ್ದನ್ನು ಮುರಿದುಹಾಕುತ್ತದೆ. ಚಳಿಗಾಲದಲ್ಲಿ ಅಡಿಕೆ ಒಣಗಿಸಲು ಅಂಗಳಕ್ಕೆ ಹರವುವ ಹೊತ್ತಿಗೆ ಆಯಿಯೂ ಸ್ವಲ್ಪ ಹೊತ್ತು ಅಲ್ಲೇ ಕೂರಲಿ.